ಆವಣಿಯ ಎತ್ತು, ಚೆಲ್ಟನ್‌ಹ್ಯಾಮಿನ ಕುದುರೆ

ನಮ್ಮ ನರಸಾಪುರದ ಕಡೆ ಶಿವರಾತ್ರಿ ಹತ್ತಿರ ಬಂತೆಂದರೆ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ಒಂದು ಮಕ್ಕಳ ಪರೀಕ್ಷೆ, ಇನ್ನೊಂದು ಆವಣಿ ಜಾತ್ರೆ. ಈಗ ಊರಿನ ಸುತ್ತ ಕಾರ್ಖಾನೆಗಳು ಎದ್ದಿವೆ, ಎತ್ತು ಕಟ್ಟುವ ಮನೆಗಳು ಬೆರಳೆಣಿಕೆಯಷ್ಟು. ಆದರೂ ಮುಳಬಾಗಿಲು ತಾಲ್ಲೂಕಿನ ಆ ಜಾತ್ರೆಯ ಹೆಸರೆತ್ತಿದರೆ ನನ್ನ ವಯಸ್ಸಿನವರ ಕಣ್ಣು ಅರಳುತ್ತದೆ.

ನನಗೆ ಮಾತ್ರ ಕಣ್ಣು ಅರಳುವುದರ ಜೊತೆಗೆ ಎದೆಯಲ್ಲಿ ಸಣ್ಣದೊಂದು ಮುಳ್ಳೂ ಆಡುತ್ತದೆ. ಆ ಮುಳ್ಳಿನ ಕಥೆಯನ್ನು ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಹೇಳಿದ್ದು ಏಳು ಸಮುದ್ರದಾಚೆ, ಇಂಗ್ಲೆಂಡಿನ ಒಂದು ಕುದುರೆ ಜಾತ್ರೆಯಲ್ಲಿ. ಅದನ್ನೇ ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇನೆ.

2022ರ ಮಾರ್ಚ್ ತಿಂಗಳು. ಮಗಳು ಗ್ಲಾಸ್ಟರ್ ಎಂಬ ಊರಿನಲ್ಲಿ ನರ್ಸ್. ಕೊರೊನಾ ಕಾಲದಲ್ಲಿ ಎರಡು ವರ್ಷ ಮುಖ ನೋಡಿರಲಿಲ್ಲವಾದ್ದರಿಂದ, ವಿಮಾನ ಹಾರತೊಡಗಿದ ಕೂಡಲೇ ಹೊರಟುಬಿಟ್ಟೆ. ಅವರ ಊರಿಗೆ ಹತ್ತು ಮೈಲಿ ದೂರದಲ್ಲಿರುವುದೇ ಚೆಲ್ಟನ್‌ಹ್ಯಾಮ್. "ಅಪ್ಪ, ಇಲ್ಲೂ ಒಂದು ಆವಣಿ ಜಾತ್ರೆ ಇದೆ, ನೋಡೋಣ ಬನ್ನಿ" ಎಂದಳು ಮಗಳು. ನಾಲ್ಕು ದಿನದ ಜಾತ್ರೆಯಲ್ಲಿ ಎರಡು ದಿನ ಹೋದೆ. ಗುರುವಾರ ಮಗಳ ಜೊತೆ, ಶುಕ್ರವಾರ ಮೊಮ್ಮಗನ ಜೊತೆ.

ಊರಿನ ಹುಟ್ಟು ಕೇಳಿದಾಗ ನನಗೆ ಕೋಲಾರದ ಅಂತರಗಂಗೆ ನೆನಪಾಯಿತು. ನಮ್ಮ ಶತಶೃಂಗ ಬೆಟ್ಟದಲ್ಲಿ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತದೆ, ಜನ ತೀರ್ಥವೆಂದು ಕುಡಿಯುತ್ತಾರೆ. ಚೆಲ್ಟನ್‌ಹ್ಯಾಮಿನಲ್ಲೂ ಮೊದಲು ಸಿಕ್ಕಿದ್ದು ಬುಗ್ಗೆಯೇ. 1716ರಲ್ಲಿ ಹೊಲವೊಂದರಲ್ಲಿ ಉಪ್ಪುಕಹಿಯ ನೀರು ಕಂಡಿತು. ಪಾರಿವಾಳಗಳು ಅಲ್ಲಿ ಬಂದು ಉಪ್ಪಿನ ಹರಳು ಹೆಕ್ಕುತ್ತಿದ್ದುದರಿಂದ ಗುಟ್ಟು ಬಯಲಾಯಿತೆಂದು ಐತಿಹ್ಯ. ಹೊಟ್ಟೆ ಶುದ್ಧಿಗೆ ಒಳ್ಳೆಯದೆಂದು ಶ್ರೀಮಂತರು ಬರತೊಡಗಿದರು. 1788ರಲ್ಲಿ ಮೂರನೆಯ ಜಾರ್ಜ್ ದೊರೆಯೇ ಬಂದು ಐದು ವಾರ ಉಳಿದು ನೀರು ಕುಡಿದ. ಅಲ್ಲಿಂದ ಊರಿನ ನಸೀಬು ತಿರುಗಿತು. ಬಿಳಿಯ ಮಹಲುಗಳು, ತೋಟಗಳು, ನೀರು ಕುಡಿಯಲೆಂದೇ ಕಟ್ಟಿದ ಕಂಬಸಾಲಿನ ಮಂದಿರಗಳು ಎದ್ದವು. 1830ರಲ್ಲಿ ತೆರೆದ ಪಿಟ್‌ವಿಲ್ ಮಂದಿರ ಇವತ್ತಿಗೂ ನಿಂತಿದೆ.

ಬೆಳಿಗ್ಗೆ ನೀರು ಕುಡಿದ ಶ್ರೀಮಂತರಿಗೆ ಮಧ್ಯಾಹ್ನ ಹೊತ್ತು ಹೋಗಬೇಕಲ್ಲ? 1818ರಲ್ಲಿ ಪಕ್ಕದ ಕ್ಲೀವ್ ಗುಡ್ಡದ ಮೇಲೆ ಕುದುರೆ ಓಟ ಶುರುವಾಯಿತು. ಜೂಜು, ಕುಡಿತ, ಜೇಬುಗಳ್ಳತನ ಎಲ್ಲವೂ ಹಿಂದೆಯೇ ಬಂದವು. ಫ್ರಾನ್ಸಿಸ್ ಕ್ಲೋಸ್ ಎಂಬ ಪಾದ್ರಿ 1827ರಲ್ಲಿ ಓಟದ ವಿರುದ್ಧ ಉಗ್ರವಾಗಿ ಉಪದೇಶ ಮಾಡಿದ. 1829ರ ಓಟದಲ್ಲಿ ಕಲ್ಲು, ಬಾಟಲಿಗಳು ತೂರಿಬಂದವು. ಮರುವರ್ಷ ಓಟಕ್ಕೆ ಮುಂಚೆ ಪ್ರೇಕ್ಷಕರ ಅಟ್ಟಣೆಗೇ ಯಾರೋ ಬೆಂಕಿ ಇಟ್ಟರು. ಆಮೇಲೆ ಓಟ ಗುಡ್ಡದಿಂದಿಳಿದು ಈಗಿರುವ ಪ್ರೆಸ್ಟ್‌ಬರಿ ಬಯಲಿಗೆ ಬಂತು. ಜೂಜು ಸರಿಯೋ ತಪ್ಪೋ ಎಂಬ ಜಗಳ ಆ ಊರಿಗೆ ಹೊಸದಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ನಮ್ಮ ಬೆಂಗಳೂರು, ಮೈಸೂರಿನ ರೇಸುಗಳಲ್ಲಿ ಕುದುರೆಗಳು ಸಮತಟ್ಟಾದ ಹಾದಿಯಲ್ಲಿ ಓಡುತ್ತವೆ. ಅಲ್ಲಿಯದು ಹಾಗಲ್ಲ, ಓಡುತ್ತಾ ಬೇಲಿ ಹಾರಬೇಕು. 1752ರಲ್ಲಿ ಐರ್ಲೆಂಡಿನ ಇಬ್ಬರು ಗೆಳೆಯರು ಒಂದು ಚರ್ಚಿನ ಗೋಪುರದಿಂದ ನಾಲ್ಕು ಮೈಲಿಯಾಚೆಯ ಇನ್ನೊಂದು ಗೋಪುರಕ್ಕೆ, ನಡುವೆ ಸಿಕ್ಕ ಗೋಡೆ ಹಳ್ಳ ಎಲ್ಲವನ್ನೂ ಹಾರಿಕೊಂಡು, ಪಂತ ಕಟ್ಟಿ ಓಡಿಸಿದರಂತೆ. ಗೋಪುರಕ್ಕೆ ಇಂಗ್ಲಿಷಿನಲ್ಲಿ 'ಸ್ಟೀಪಲ್'. ಅಲ್ಲಿಂದಲೇ 'ಸ್ಟೀಪಲ್‌ಚೇಸ್' ಎಂಬ ಹೆಸರು. ನಿಮ್ಮ ಶಾಲೆಯ ಕ್ರೀಡಾ ಪುಸ್ತಕದಲ್ಲಿ ಮನುಷ್ಯರು ಓಡುವ 3000 ಮೀಟರ್ ಸ್ಟೀಪಲ್‌ಚೇಸ್ ಇದೆಯಲ್ಲ, ಅದರ ಮೂಲವೂ ಇದೇ.

ಚೆಲ್ಟನ್‌ಹ್ಯಾಮಿನ ಜಾತ್ರೆಯಲ್ಲಿ ದಿನಕ್ಕೆ ಏಳರಂತೆ ನಾಲ್ಕು ದಿನಕ್ಕೆ 28 ಓಟ. ಎಲ್ಲಕ್ಕೂ ಮುಕುಟ ಶುಕ್ರವಾರದ ಗೋಲ್ಡ್ ಕಪ್. ದೂರ ಹತ್ತಿರ ಹತ್ತಿರ ಐದೂಕಾಲು ಕಿಲೋಮೀಟರ್. ನಾಲ್ಕೂವರೆ ಅಡಿಗೆ ಕಡಿಮೆಯಿಲ್ಲದ ಬೇಲಿಗಳನ್ನು 22 ಸಲ ಹಾರಬೇಕು. ಬೇಲಿಗಳ ಓಟವಾಗಿ 1924ರಲ್ಲಿ ಶುರುವಾದ ಈ ಕಪ್ಪನ್ನು ಗೋಲ್ಡನ್ ಮಿಲ್ಲರ್ ಎಂಬ ಕುದುರೆ 1932ರಿಂದ 1936ರವರೆಗೆ ಐದು ಸಲ ಸತತವಾಗಿ ಗೆದ್ದಿತು.

ಜನವೋ ಜನ. ನಾಲ್ಕು ದಿನಕ್ಕೆ ಎರಡು ಲಕ್ಷಕ್ಕೂ ಮಿಕ್ಕಿ. ಗದ್ದಲ, ಕೆಸರು, ತಿಂಡಿಯಂಗಡಿ ಎಲ್ಲವೂ ನಮ್ಮ ಜಾತ್ರೆಯಂತೆಯೇ, ಬಿಯರ್ ಒಂದು ಹೆಚ್ಚು. ಓಟಕ್ಕೆ ಮುಂಚೆ ಕುದುರೆಗಳನ್ನು ಒಂದು ವೃತ್ತದಲ್ಲಿ ನಡೆಸುತ್ತಾರೆ. ಸುತ್ತ ನಿಂತವರು ಎದೆ, ಕಾಲು, ನಡಿಗೆ ನೋಡಿ ಪಿಸುಗುಟ್ಟುತ್ತಾರೆ. ಆವಣಿಯಲ್ಲಿ ನಮ್ಮಪ್ಪ ಹಳ್ಳಿಕಾರ್ ಎತ್ತಿನ ಬಾಯಿ ತೆರೆದು ನಾಲ್ಕಲ್ಲೋ ಆರಲ್ಲೋ ಎಂದು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದುದು ಕಣ್ಣ ಮುಂದೆ ಬಂತು. ನಮ್ಮ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಅಲ್ಲಿನ ಜೂಜಿನವರು ಹಿಂದೆ ಬಿಳಿ ಕೈಚೀಲ ತೊಟ್ಟು ದೂರದಿಂದಲೇ ಕೈಸನ್ನೆಯಲ್ಲಿ ದರ ತಿಳಿಸುತ್ತಿದ್ದರಂತೆ. ಈಗ ವಿದ್ಯುತ್ ಫಲಕ ಬಂದಿದೆ.

ಇನ್ನೊಂದು ಸಂಗತಿ ಹೇಳಿದರೆ ರೈತರ ಮಕ್ಕಳಿಗೆ ಆಶ್ಚರ್ಯವಾದೀತು. 2001ರಲ್ಲಿ ಆ ದೇಶದಲ್ಲಿ ಕಾಲುಬಾಯಿ ಜ್ವರ ಹಬ್ಬಿ ಇಡೀ ಜಾತ್ರೆಯೇ ರದ್ದಾಯಿತು. ಕುದುರೆಗೆ ಗೊರಸು ಸೀಳಿಲ್ಲ, ಆ ರೋಗ ಬಾರದು. ಆದರೆ ಆ ಬಯಲಿನಲ್ಲಿ ಕುರಿಗಳು ಮೇಯುತ್ತಿದ್ದವು, ಬಂದುಹೋಗುವ ಜನರ ಕಾಲಿಗೆ ಅಂಟಿ ರೋಗ ಹರಡಬಹುದಿತ್ತು. ನಮ್ಮಲ್ಲೂ 2022ರಲ್ಲಿ ಚರ್ಮಗಂಟು ರೋಗಕ್ಕೆ ಹೆದರಿ ದನದ ಜಾತ್ರೆಗಳನ್ನು ನಿಲ್ಲಿಸಬೇಕಾಯಿತಲ್ಲ, ಹಾಗೆ.

ಸರಿ, ಶುಕ್ರವಾರಕ್ಕೆ ಬರೋಣ. ಮೊಮ್ಮಗನಿಗೆ ಹದಿನೇಳು. ಗೋಲ್ಡ್ ಕಪ್ಪಿಗೆ ಅರ್ಧ ಗಂಟೆ ಇರುವಾಗ ಮೆಲ್ಲನೆ ನನ್ನ ತೋಳು ಹಿಡಿದ. "ತಾತ, ನನಗೆ ಹದಿನೆಂಟು ಆಗಿಲ್ಲ, ಜೂಜು ಕಟ್ಟೋಕೆ ಬಿಡಲ್ಲ. ನಿಮ್ಮ ಹೆಸರಲ್ಲಿ ಐದು ಪೌಂಡ್ ಕಟ್ಟಿ. ಎ ಪ್ಲಸ್ ಟಾರ್ಡ್ ಅನ್ನೋ ಕುದುರೆ. ಗೆದ್ದೇ ಗೆಲ್ಲುತ್ತೆ."

ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು. ಜೇಬಿನಿಂದ ದುಡ್ಡು ತೆಗೆಯುವ ಬದಲು ಪೆನ್ನು ತೆಗೆದೆ. ಫಲಕದಲ್ಲಿ 3/1 ಎಂದಿದ್ದರೆ, ಒಂದು ಕಟ್ಟಿದವನು ಗೆದ್ದಾಗ ಮೂರು ಲಾಭ, ತಾನು ಕಟ್ಟಿದ್ದೊಂದು, ಒಟ್ಟು ನಾಲ್ಕು ಪಡೆಯುತ್ತಾನೆ. ಅಂದರೆ ಗೆಲ್ಲುವ ಸಂಭವ ನಾಲ್ಕರಲ್ಲೊಂದು, ನೂರಕ್ಕೆ 25 ಎಂದು ಲೆಕ್ಕ. 2/1 ಎಂದರೆ ನೂರಕ್ಕೆ ಮೂವತ್ತಮೂರು ಚಿಲ್ಲರೆ.

ಈಗ ನಾಲ್ಕೇ ಕುದುರೆಗಳ ಓಟ ಎಂದಿಟ್ಟುಕೊಳ್ಳಿ. ಎರಡಕ್ಕೆ 2/1, ಎರಡಕ್ಕೆ 3/1. ಯಾವುದು ಗೆದ್ದರೂ ನನಗೆ ನೂರು ರೂಪಾಯಿ ಬರಬೇಕೆಂದು ನಾಲ್ಕರ ಮೇಲೂ ಕಟ್ಟುತ್ತೇನೆ. ಮೊದಲೆರಡಕ್ಕೆ 33.33ರಂತೆ, ಉಳಿದೆರಡಕ್ಕೆ 25ರಂತೆ. ಕೂಡಿಸಿ ನೋಡಿ: 116 ರೂಪಾಯಿ 66 ಪೈಸೆ. ಕೈಗೆ ಬರುವುದು ನೂರು. ಸಂಭವಗಳ ಮೊತ್ತ ನೂರನ್ನು ಮೀರಬಾರದೆಂದು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಜೂಜು ಕಟ್ಟಿಸಿಕೊಳ್ಳುವವನ ಫಲಕದಲ್ಲಿ ಮಾತ್ರ ಅದು ಮೀರಿಯೇ ಇರುತ್ತದೆ. ಆ ಮೀರಿದ ಪಾಲೇ ಅವನ ಮನೆಯ ಅಕ್ಕಿ ಬೇಳೆ. ಒಬ್ಬ ಗೆಲ್ಲಬಹುದು, ಒಂದು ದಿನ ಗೆಲ್ಲಬಹುದು. ಎಲ್ಲರೂ ಸೇರಿ, ಎಲ್ಲ ದಿನ ಸೇರಿ, ಕಟ್ಟುವವರು ಸೋಲಲೇಬೇಕು. ಅದು ಅದೃಷ್ಟವಲ್ಲ, ಕೂಡುವ ಲೆಕ್ಕ.

ಹುಡುಗ ತಲೆಯಾಡಿಸಿದ. ನಾನು ಕಟ್ಟಲಿಲ್ಲ.

ಓಟ ಶುರುವಾಯಿತು. ಆ ಕುದುರೆಯ ಮೇಲೆ ಕೆಂಪಂಗಿ ತೊಟ್ಟು ಕೂತವಳು ರೇಚೆಲ್ ಬ್ಲ್ಯಾಕ್‌ಮೋರ್, ಐರ್ಲೆಂಡಿನ ಹೈನು ರೈತನೊಬ್ಬನ ಮಗಳು. ತಾಯಿ ಶಾಲಾ ಶಿಕ್ಷಕಿ. ಹಿಂದಿನ ವರ್ಷ ಎರಡು ಒಳ್ಳೆಯ ಕುದುರೆಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಆಕೆಗಿತ್ತು. ಇದನ್ನು ಆರಿಸಿದಳು. ಗೆದ್ದದ್ದು ಬಿಟ್ಟ ಕುದುರೆ, ಮಿನೆಲ್ಲಾ ಇಂಡೊ, ಇವಳದ್ದು ಎರಡನೆಯದು. ಈ ಸಲ ಕೊನೆಯ ತಿರುವಿನಲ್ಲಿ ಮುಂದೆ ಕುದುರೆಗಳ ಗೋಡೆಯೇ ಇತ್ತು. ಆಕೆ ಗಡಿಬಿಡಿ ಮಾಡಲಿಲ್ಲ. ಸಂದು ಸಿಕ್ಕ ಕ್ಷಣ ನುಗ್ಗಿದವಳು ಹದಿನೈದು ಕುದುರೆ ಉದ್ದದ ಅಂತರದಲ್ಲಿ ಗೆದ್ದಳು. ಹೋದ ವರ್ಷ ಗೆದ್ದ ಮಿನೆಲ್ಲಾ ಇಂಡೊ ಈ ಸಲ ಎರಡನೆಯದು. ಗೋಲ್ಡ್ ಕಪ್ ಗೆದ್ದ ಮೊದಲ ಹೆಣ್ಣು ಸವಾರಳು ಆಕೆ. 2025ರಲ್ಲಿ ನಿವೃತ್ತಳಾದಳು. ಸುತ್ತ ಎದ್ದ ಬೊಬ್ಬೆಗೆ ನನ್ನ ಮೈ ಜುಮ್ಮೆಂದಿತು.

ಮೊಮ್ಮಗ ಮಾತ್ರ ಮುಖ ಊದಿಸಿಕೊಂಡಿದ್ದ. "ಹದಿನೈದು ಪೌಂಡ್ ಹೋಯ್ತಲ್ಲ ತಾತ! ನಿಮ್ಮ ಲೆಕ್ಕ ಎಲ್ಲಿ ಹೋಯ್ತು?"

ನೋಡಿ, ಹಿರಿಯರ ಬುದ್ಧಿಮಾತಿಗೆ ಇದಕ್ಕಿಂತ ಕಷ್ಟದ ಗಳಿಗೆ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಹುಡುಗನ ಕಣ್ಣಿಗೆ ಸುಳ್ಳಾಗಿತ್ತು. ಲೆಕ್ಕದಿಂದ ಇನ್ನು ಪ್ರಯೋಜನವಿಲ್ಲವೆಂದು ಊರಿಗೆ ಮರಳುವ ಬಸ್ಸಿನಲ್ಲಿ ಆ ಹಳೆಯ ಮುಳ್ಳನ್ನು ಹೊರತೆಗೆದೆ.

1972. ನನಗೂ ಆಗ ಹದಿನೇಳು. ನನ್ನ ಕಾಲೇಜು ಖರ್ಚಿಗೆಂದು ಅಪ್ಪ ಮನೆಯ ಹಳ್ಳಿಕಾರ್ ಜೋಡಿಯನ್ನು ಆವಣಿಗೆ ಹೊಡೆದುಕೊಂಡು ಹೊರಟರು. ನಾನೂ ಜೊತೆಗೆ. ಆವಣಿ ಎಂದರೆ ಸೀತಮ್ಮ ಲವಕುಶರನ್ನು ಹೆತ್ತ ಜಾಗ, ಆ ಮಕ್ಕಳು ರಾಮನ ಯಾಗದ ಕುದುರೆಯನ್ನು ಕಟ್ಟಿಹಾಕಿದ್ದು ಅಲ್ಲೇ ಎಂದು ನಮ್ಮ ಕಡೆ ನಂಬಿಕೆ. ದಾರಿಯುದ್ದಕ್ಕೂ ಅಪ್ಪ ಆ ಕಥೆ ಹೇಳಿದರು. ರಾಮಲಿಂಗೇಶ್ವರನ ಗುಡಿಯ ಸುತ್ತ ಮೂರು ರಾಜ್ಯಗಳ ದನ. ಎರಡನೆಯ ದಿನ ಜೋಡಿ ಸಾವಿರದ ಇನ್ನೂರು ರೂಪಾಯಿಗೆ ಹೋಯಿತು. ಹಗ್ಗ ಬಿಚ್ಚಿಕೊಡುವಾಗ ಅಪ್ಪ ಎತ್ತುಗಳ ಹಣೆ ಸವರಿ ಮುಖ ತಿರುಗಿಸಿದರು.

ಅದರಲ್ಲಿ ಅರವತ್ತು ರೂಪಾಯಿ ನನ್ನ ಕೈಗಿಟ್ಟು, "ಅಮ್ಮನಿಗೆ ಒಂದು ಸೀರೆ, ನಿನಗೆ ಎರಡು ಅಂಗಿ ಬಟ್ಟೆ ನೋಡು, ನಾನು ದೇವರಿಗೆ ಕೈಮುಗಿದು ಬರ್ತೀನಿ" ಎಂದರು. ಬಟ್ಟೆಯಂಗಡಿಗೆ ಹೋಗುವ ದಾರಿಯಲ್ಲಿ ಒಬ್ಬ ಗೋಣಿಚೀಲ ಹಾಸಿ ಮೂರು ಎಲೆಯ ಆಟ ಆಡಿಸುತ್ತಿದ್ದ. ಒಂದು ರೂಪಾಯಿ ಇಟ್ಟೆ. ಎರಡು ಬಂತು. ಎರಡು ಇಟ್ಟೆ. ನಾಲ್ಕು ಬಂತು. ಅರ್ಧ ಗಂಟೆಯಲ್ಲಿ ಅರವತ್ತೂ ಮುಗಿದಿತ್ತು.

"ಜೇಬು ಕತ್ತರಿಸಿಬಿಟ್ಟರಪ್ಪ" ಎಂದು ಅಪ್ಪನ ಮುಂದೆ ಅತ್ತೆ. ಅಳು ನಿಜವಾದದ್ದೇ. ಅಪ್ಪ ನನ್ನ ಅಂಗಿಯ ಜೇಬಿನ ಮೇಲೆ ಒಮ್ಮೆ ಕೈಯಾಡಿಸಿದರು. ಹೊಲಿಗೆ ಬಿಟ್ಟಿರಲಿಲ್ಲ. "ಜೇಬು ಕತ್ತರಿಸಿದ್ರೆ ಅಂಗೀನೂ ಹರೀಬೇಕಲ್ಲಪ್ಪ" ಎಂದರು. ಅಷ್ಟೇ. ಆಮೇಲೆ ಬೆಲ್ಲದ ಮಿಠಾಯಿ ಕೊಡಿಸಿ ಬಸ್ಸು ಹತ್ತಿಸಿದರು. ಆ ವರ್ಷ ಅಮ್ಮನಿಗೆ ಯುಗಾದಿಗೆ ಸೀರೆ ಬರಲಿಲ್ಲ. ಸಾಯುವವರೆಗೂ ಅಪ್ಪ ಆ ಮಾತು ಮತ್ತೆ ಎತ್ತಲಿಲ್ಲ. ನಾನೂ ನಿಜ ಹೇಳಲಿಲ್ಲ.

ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಮೊದಲನೇ ಸಲವೇ ಸೋತಿದ್ದರೆ ತಾತ?"

"ಎದ್ದು ಹೋಗಿ ಸೀರೆ ತರುತ್ತಿದ್ದೆ. ನನ್ನನ್ನು ಕೆಡಿಸಿದ್ದು ಸೋತ ಅರವತ್ತಲ್ಲ, ಗೆದ್ದ ಒಂದು ರೂಪಾಯಿ."

ಅವನು ಜೇಬಿನಿಂದ ಮೊಬೈಲ್ ತೆಗೆದ. ಗೆಳೆಯನ ಹೆಸರಿನಲ್ಲಿ ಜೂಜಿನ ಆ್ಯಪೊಂದರಲ್ಲಿ ತಾನೂ ದುಡ್ಡು ಹಾಕುತ್ತಿದ್ದುದನ್ನು ತೋರಿಸಿದ. ನಲವತ್ತು ಪೌಂಡ್ ಹೋಗಿತ್ತು. ನಾನು ಬೈಯಲಿಲ್ಲ. ಬೈಯುವ ಹಕ್ಕೂ ಇರಲಿಲ್ಲ. "ಅಮ್ಮನಿಗೆ ನೀನೇ ಹೇಳು" ಎಂದೆ. ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಮಗಳು ಅತ್ತಳು, ಆಮೇಲೆ ಅವನಿಗೆ ಇನ್ನೊಂದು ಚಪಾತಿ ಬಡಿಸಿದಳು.

ಇಂಥ ಗೋಣಿಚೀಲ ಈಗ ಎಲ್ಲ ಮಕ್ಕಳ ಜೇಬಿನಲ್ಲೂ ಇದೆ. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು, ಒಳ್ಳೆಯದೇ. ಆದರೆ ಮನೆಯೊಳಗಿನ ಮಾತನ್ನು ಕಾಯ್ದೆ ಆಡಿಸಲಾರದು. ತಂದೆತಾಯಂದಿರೇ, ಹರಿಯದ ಜೇಬು ಕಂಡಾಗ ನಮ್ಮಪ್ಪನಂತೆ ಬೈಯದಿರಿ. ಆದರೆ ಅವರಂತೆ ಅಲ್ಲಿಗೇ ಮಾತು ನಿಲ್ಲಿಸಲೂ ಬೇಡಿ. ಇನ್ನೊಂದು ಪ್ರಶ್ನೆ ಕೇಳಿದ್ದರೆ ನಾನು ಆವತ್ತೇ ನಿಜ ಹೇಳಿಬಿಡುತ್ತಿದ್ದೆನೇನೋ. ಮಕ್ಕಳೇ, ನೀವು ಆ ಪ್ರಶ್ನೆಗೆ ಕಾಯಬೇಡಿ. ಐವತ್ತು ವರ್ಷ ಬಹಳ ದೀರ್ಘ.