ಮೂಲೆಮನೆ ಅಂಗಡಿ ಮತ್ತು ನಮ್ಮ ಮೊಸಳೆ ಕಣ್ಣೀರು

ಊರಿಗೆ ಹೋದಾಗೆಲ್ಲ ಹಳೇ ಮನೆಯ ಕಂಬಕ್ಕೆ ಒರಗಿ ಫೋಟೋ ತೆಗೆಸಿಕೊಂಡು, "ಅಯ್ಯೋ, ಇಂಥಾ ಮನೆಗಳೆಲ್ಲ ಮಾಯ ಆಗ್ತಿವೆ" ಅಂತ ಬರೆಯೋ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಮೇಲೆ ನನಗೆ ಸಿಟ್ಟಿದೆ. ನಾನೂ ಅದೇ ಗುಂಪಿನವನೇ ಬಿಡಿ..

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ನಮ್ಮ ದೊಡ್ಡಪ್ಪನ ಮನೆ ಎರಡು ರಸ್ತೆ ಸೇರೋ ಮೂಲೆಯಲ್ಲಿದೆ. ಒಂದು ರಸ್ತೆಗೆ ಅಂಗಡಿ, ಇನ್ನೊಂದಕ್ಕೆ ಮನೆ ಬಾಗಿಲು. ಜಗಲಿ ಮಾತ್ರ ಒಂದೇ, ಮೂಲೆ ಸುತ್ತಿಕೊಂಡು ಎರಡೂ ಕಡೆ ಹೋಗುತ್ತೆ. ಅಂಗಡಿಗೆ ಷಟರ್ ಇಲ್ಲ. ನಂಬರ್ ಕೆತ್ತಿದ ಹಲಗೆಗಳನ್ನು ಒಂದೊಂದಾಗಿ ಜಾರಿಸಿ ಮುಚ್ಚೋದು. ನಾಲ್ಕನೇದು ಐದನೇದರ ಜಾಗಕ್ಕೆ ಕೂರೋದಿಲ್ಲ, ಚಿಕ್ಕವನಿದ್ದಾಗ ಪ್ರಯತ್ನ ಮಾಡಿ ಬೈಸಿಕೊಂಡಿದ್ದೇನೆ. ಗಲ್ಲಾದ ಹಿಂದೆ ನಡುಮನೆಗೆ ಒಂದು ಕಿರುಬಾಗಿಲು. ದೊಡ್ಡಮ್ಮ ಒಲೆ ಮುಂದಿನಿಂದ ಎದ್ದು ಬಂದು ಸಕ್ಕರೆ ತೂಗಿಕೊಟ್ಟು, ಹಾಲು ಉಕ್ಕೋದರೊಳಗೆ ವಾಪಸ್ಸು. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಶುರು ಮಾಡಿದ ಕಸುಬು ಘಟ್ಟ ಹತ್ತಿ ಬಂದಿದ್ದು. ಮಾಡು ಜಗಲಿ ದಾಟಿ ಮುಂದಕ್ಕೆ ಚಾಚಿರೋದರಿಂದ ಜಡಿಮಳೆಯಲ್ಲೂ ಗಿರಾಕಿ ನೆನೆಯಲ್ಲ, ಮಣ್ಣಿನ ಗೋಡೆಯೂ ನೆನೆಯಲ್ಲ. ಬಸ್ಸಿಗೆ ಕಾಯೋರಿಗೂ ಅದೇ ಆಸರೆ.

ಇದೇ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಸ್ಥಾನಕ್ಕೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಇರಲೇಬೇಕು. ಆದರೆ ಶಾಸನ, ರಾಜ ಇದ್ದರೆ ಮಾತ್ರ ಇತಿಹಾಸ, ಉಪ್ಪು ಬೆಲ್ಲ ಸೀಮೆಎಣ್ಣೆ ಮಾರಿದ ಮಾಡಿನ ಕೆಳಗೆ ಇತಿಹಾಸ ಇಲ್ಲ ಅನ್ನೋದು ಯಾವ ನ್ಯಾಯ ಸ್ವಾಮಿ? ಪಟ್ಟಿಗೆ ಸೇರಿಸಿದರೆ ಸಾಕು ಅಂತಲೂ ಅಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಪಾರಂಪರಿಕ ಅನ್ನೋ ಹೆಸರಿತ್ತು. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು.

ಇನ್ನು ಕೆಲವರು "ಕಂಬ, ಬಾಗಿಲು ಬಿಚ್ಚಿ ಮಾರಿ, ಒಳ್ಳೇ ರೇಟಿದೆ" ಅನ್ನುತ್ತಾರೆ. ರೆಸಾರ್ಟಿಗೆ! ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದರು, ಅವರಿಗೆ ಕೈ ಮುಗಿಯೋಣ. ಆದರೆ ಮೂಲೆ ಅಂಗಡಿಯ ಅರ್ಧ ವಾಸ್ತು ಇರೋದೇ ಆ ಎರಡು ರಸ್ತೆಗಳಲ್ಲಿ. ಅವನ್ನು ಯಾವ ಲಾರಿಗೆ ಹೇರುತ್ತೀರಿ?

ಈಗ ದೊಡ್ಡಪ್ಪ ಕೆಡವಿ ಆರ್‌ಸಿಸಿ ಮಳಿಗೆ ಕಟ್ಟಿಸ್ತೀನಿ ಅಂತಿದ್ದಾರೆ. "ಬೇಡ ದೊಡ್ಡಪ್ಪ" ಅಂದೆ ಫೋನಲ್ಲಿ.

"ಹೆಂಚು ಕೈಯಾಡಿಸಕ್ಕೆ ಆಳು ಸಿಗ್ತಿಲ್ಲ ಮಾರಾಯ. ಮಳೆಗಾಲದ ಮುಂಚೆ ನೀ ಬರ್ತೀಯೇನೋ?"

ಬಾಯಿ ಮುಚ್ಚಿಕೊಂಡೆ. ಹಳೇ ಮನೆ ಉಳಿಸಿ ಅನ್ನೋ ನಾವೆಲ್ಲ ಹೆಂಚಿಗೆ, ರೀಪಿಗೆ ಇದುವರೆಗೆ ಎಷ್ಟು ಕೊಟ್ಟಿದ್ದೇವೆ? ನನ್ನ ಲೆಕ್ಕ ಸೊನ್ನೆ. ಈ ಸಲದ ಖರ್ಚು ನನ್ನದು ಅಂತ ಹೇಳಿ, ಮೇ ತಿಂಗಳಲ್ಲಿ ಒಂದು ವಾರ ರಜೆಯನ್ನೂ ಹಾಕಿದ್ದೇನೆ. ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ.