ಕಬ್ಬಿಣದ ಕೀಲಿ ಮತ್ತು ನಮ್ಮ ಬೀಗ ಹಾಕಿದ ಬುದ್ಧಿ

ಬಸ್ ನಿಲ್ದಾಣದಲ್ಲಿ ಯಾರಾದರೂ ಬಿದ್ದು ಕೈಕಾಲು ಬಡಿಯತೊಡಗಿದರೆ ಸಾಕು, ಹತ್ತು ಮಂದಿ ಕಬ್ಬಿಣದ ಕೀಲಿಗಾಗಿ ಜೇಬು ತಡಕಾಡುತ್ತಾರೆ. ಇನ್ನೊಬ್ಬ ಚಪ್ಪಲಿ ಮೂಸಿಸುತ್ತಾನೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಕೀಲಿಗೆ! ರೋಗಿಯನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟನ್ನು ಕಲಿಯಲು ನಮಗೇಕೆ ಪುರುಸೊತ್ತಿಲ್ಲ?

ಅಪಸ್ಮಾರ ಶಾಪವಲ್ಲ, ಗಾಳಿಯ ಸೋಂಕೂ ಅಲ್ಲ. ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಕೇತಗಳು ಒಮ್ಮೆಲೇ ಅಂಕೆ ಮೀರುವುದರಿಂದ ಬರುವ ಕಾಯಿಲೆ ಅದು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅದಿದೆ. ಸರಿಯಾದ ಚಿಕಿತ್ಸೆ ದೊರೆತರೆ ಶೇ. 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್ ಇಂದಿಗೂ ಅತ್ಯಂತ ಅಗ್ಗದ ಮಾತ್ರೆಗಳಲ್ಲೊಂದು. ಆದರೂ ನರರೋಗ ತಜ್ಞರ ಬಳಿಗೆ ಬರುವ ಮುನ್ನ ಎಷ್ಟೋ ರೋಗಿಗಳು ತಾಯಿತ, ಯಂತ್ರ, ಮಂತ್ರವಾದಿಗಳ ಮನೆಗಳನ್ನೆಲ್ಲ ಸುತ್ತಿ ಬಂದಿರುತ್ತಾರೆ. ಈ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಾತಿ ಧರ್ಮಗಳ ಭೇದವಿಲ್ಲ!

ಅತಿ ದೊಡ್ಡ ಕ್ರೌರ್ಯ ನಡೆಯುವುದು ಮದುವೆಯ ಹೊತ್ತಿನಲ್ಲಿ. ಹೆಣ್ಣಿನ ಕಡೆಯವರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ನುಂಗುವುದು ಕಂಡೀತೆಂದು ಅದನ್ನೇ ನಿಲ್ಲಿಸಿಬಿಡುತ್ತಾರೆ. ಏಕಾಏಕಿ ಮಾತ್ರೆ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ. ಇನ್ನು ವ್ಯಾಲ್ಪ್ರೊಯೇಟ್‌ನಂತಹ ಔಷಧ ಗರ್ಭದಲ್ಲಿರುವ ಶಿಶುವಿಗೆ ಹಾನಿಕರ. ಗರ್ಭ ನಿಲ್ಲುವ ಮೊದಲೇ ವೈದ್ಯರು ಅದನ್ನು ಬದಲಿಸಬೇಕು. ಗುಟ್ಟು ಮಾಡಿದರೆ ಬದಲಿಸುವವರು ಯಾರು?

ಹೆಣ್ಣಿನವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಿಜ ಹೇಳಿದರೆ ಸಂಬಂಧ ಮುರಿಯುವವರು ನಾವೇ ತಾನೆ? ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮದುವೆಗೆ ಅಡ್ಡಿಯಾಗಿದ್ದ ‘ಅಪಸ್ಮಾರ’ ಎಂಬ ಪದವನ್ನು ಸಂಸತ್ತು 1999ರಲ್ಲೇ ಕಿತ್ತುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಸಮಾಜ ಮಾತ್ರ ಬಿಗಿಯಾಗಿ ಹಿಡಿದುಕೊಂಡಿದೆ.

ವೈದ್ಯಲೋಕಕ್ಕೂ ಒಂದು ಮಾತು. ನರರೋಗ ತಜ್ಞರಲ್ಲಿ ಹೆಚ್ಚಿನವರು ಇರುವುದು ನಗರಗಳಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಒಂದೇ ಎಷ್ಟು ಜನರ ಭಾರ ಹೊತ್ತೀತು? ಸ್ಕ್ಯಾನಿಂಗ್ ಬರೆದುಕೊಡುವಷ್ಟೇ ಶ್ರದ್ಧೆಯಿಂದ, ಮಾತ್ರೆಯನ್ನು ಏಕೆ ನಿಲ್ಲಿಸಬಾರದೆಂದು ರೋಗಿಗೆ ಅವರ ಭಾಷೆಯಲ್ಲೇ ಹೇಳಬೇಡವೇ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಇದರ ತರಬೇತಿ ಬೇಕು, ಅಲ್ಲಿ ಮಾತ್ರೆಗಳು ತಪ್ಪದೆ ಸಿಗಬೇಕು. ಸರಕಾರವನ್ನು ನಾವು ಕೇಳಬೇಕಾದದ್ದು ಇದನ್ನು.

ಕೀಲಿಯಿಂದ ಫಿಟ್ಸ್ ನಿಲ್ಲದು. ತೆರೆಯಬೇಕಾದ ಬೀಗ ಇರುವುದು ರೋಗಿಯ ಮುಷ್ಟಿಯಲ್ಲಲ್ಲ, ನಮ್ಮ ತಲೆಯಲ್ಲಿ.