ಹರಕು ಹಾಳೆಯ ತೆರಪುಗಳು

ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ತಿಪ್ಪೆಗಳನ್ನು ಅಗೆಯುತ್ತಿದ್ದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರಿಗೆ 1906ರಲ್ಲಿ ಒಂದು ಪಪೈರಸ್ ಸುರುಳಿಯ ಚೂರುಗಳು ದೊರೆತವು. ಒಂದು ಮಗ್ಗುಲಲ್ಲಿ ಯಾರದೋ ಹಣದ ಲೆಕ್ಕ. ಲೆಕ್ಕ ಬೇಡವಾದ ಮೇಲೆ ಅದರ ಹಿಂಬದಿಯಲ್ಲಿ ಲಿಪಿಕಾರನೊಬ್ಬನು ಯೂರಿಪಿಡೀಸ್ ಕವಿಯ ‘ಹಿಪ್ಸಿಪಿಲೆ’ ಎಂಬ ರುದ್ರನಾಟಕವನ್ನು ನಕಲು ಮಾಡಿದ್ದನು. 1908ರಲ್ಲಿ ಇದು ಅಚ್ಚಾಗುವವರೆಗೆ, ಇತರ ಗ್ರಂಥಕಾರರು ಉದಾಹರಿಸಿದ ಕೆಲವು ಪಂಕ್ತಿಗಳ ಹೊರತು ಆ ನಾಟಕವು ಲೋಕಕ್ಕೆ ಇಲ್ಲವಾಗಿದ್ದಿತು.

ಯೂರಿಪಿಡೀಸನು ಸುಮಾರು 90 ನಾಟಕಗಳನ್ನು ರಚಿಸಿದನೆಂದು ಹೇಳುತ್ತಾರೆ. ಉಳಿದಿರುವುವು 18 ಅಥವಾ 19. ಉತ್ತಮವಾದುದು ಉಳಿಯಿತು, ಸಾಮಾನ್ಯವಾದುದು ಅಳಿಯಿತು ಎಂದು ವಾಚಕರು ಸಮಾಧಾನಪಟ್ಟುಕೊಳ್ಳಬಾರದು. ಉಳಿದವುಗಳಲ್ಲಿ ಒಂಬತ್ತು ನಾಟಕಗಳ ಹೆಸರುಗಳು ಗ್ರೀಕ್ ವರ್ಣಮಾಲೆಯ ಎಪ್ಸಿಲಾನಿನಿಂದ ಕಪ್ಪದವರೆಗಿನ ಅಕ್ಷರಗಳಿಂದ ಆರಂಭವಾಗುತ್ತವೆ. ಅಕಾರಾದಿಯಾಗಿ ಜೋಡಿಸಿದ ಯಾವುದೋ ಸಂಪುಟದ ಒಂದು ಭಾಗವು ಆಕಸ್ಮಿಕವಾಗಿ ಉಳಿದುಕೊಂಡಿತೆಂದೇ ಇದರ ಅರ್ಥ. ಗ್ರೀಕಿನಲ್ಲಿ ‘ಹಿಪ್ಸಿಪಿಲೆ’ಯ ಮೊದಲಕ್ಷರ ಉಪ್ಸಿಲಾನ್. ಅದು ಸಾಲಿನ ಬಹಳ ಹಿಂದೆ ನಿಂತಿದ್ದಿತು!

ಕಥೆ ಕರುಣಾಜನಕವಾದುದು. ಲೆಮ್ನಾಸ್ ದ್ವೀಪದ ರಾಣಿಯಾಗಿದ್ದವಳು ನೆಮಿಯದಲ್ಲಿ ದಾಸಿಯಾಗಿ, ಒಡೆಯನ ಎಳೆಮಗುವಿಗೆ ದಾದಿಯಾಗಿದ್ದಾಳೆ. ಥೀಬ್ಸ್ ನಗರಕ್ಕೆ ದಂಡೆತ್ತಿ ಹೊರಟವರಿಗೆ ನೀರಿನ ಬುಗ್ಗೆಯನ್ನು ತೋರಿಸಲು ಹೋದಾಗ ಮಗುವು ಹಾವಿಗೆ ಬಲಿಯಾಗುತ್ತದೆ. ತಾಯಿ ಇವಳನ್ನು ಕೊಲ್ಲಿಸಲು ನಿಂತಾಗ ಆಂಫಿಯರೇಯಸ್ ಎಂಬ ಕಾಲಜ್ಞಾನಿಯು ಅಡ್ಡಬಂದು ಉಳಿಸುತ್ತಾನೆ. ಅಗಲಿದ್ದ ಅವಳಿ ಮಕ್ಕಳು ಕೊನೆಗೆ ಅವಳನ್ನು ಸೇರುತ್ತಾರೆ.

ಇಷ್ಟನ್ನು ಚೂರುಗಳಿಂದ ಹೊಂದಿಸಿದ ಪಂಡಿತರ ತಾಳ್ಮೆಗೆ ತಲೆಬಾಗಲೇಬೇಕು. ಪಪೈರಸ್ಸಿನ ನಾರುಗಳ ಓಟ, ಹಿಂಬದಿಯ ಲೆಕ್ಕದ ಸಾಲುಗಳು, ಅಂಚಿನಲ್ಲಿ ನೂರುನೂರು ಪಂಕ್ತಿಗಳಿಗೆ ಹಾಕಿದ ಎಣಿಕೆಯ ಅಕ್ಷರಗಳು, ಇವುಗಳಿಂದ ಯಾವ ಚೂರು ಎಲ್ಲಿ ಕೂಡುವುದೆಂದು ನಿಶ್ಚಯಿಸುತ್ತಾರೆ. ಅಳಿದ ಅಕ್ಷರವನ್ನು ಊಹಿಸಿ ತುಂಬಿದರೆ ಚೌಕ ಕಂಸದೊಳಗಿಡುತ್ತಾರೆ. ಸಂದೇಹದ ಅಕ್ಷರದ ಕೆಳಗೆ ಚುಕ್ಕೆ ಇಡುತ್ತಾರೆ. ಆದರೆ ಜನಸಾಮಾನ್ಯರ ಕೈಗೆ ಬರುವ ಅನುವಾದಗಳಲ್ಲಿ ಈ ಗುರುತುಗಳು ಕಳಚಿಬೀಳುವುದುಂಟು. ಆಗ ಸಂಪಾದಕನ ಊಹೆಯೇ ಕವಿಯ ವಾಣಿಯಾಗಿಬಿಡುತ್ತದೆ. ಇದನ್ನು ನಾವು ಒಪ್ಪಲಾರೆವು. ತೆರಪುಗಳನ್ನು ತೆರಪುಗಳಾಗಿಯೇ ಮುದ್ರಿಸತಕ್ಕದ್ದು.

ಈಗ ಯಂತ್ರಗಳೂ ಈ ಕೆಲಸಕ್ಕೆ ಬಂದಿವೆ. 2022ರಲ್ಲಿ ಪ್ರಕಟವಾದ ‘ಇಥಾಕ’ ಎಂಬ ಗಣಕ ವ್ಯವಸ್ಥೆಯು ಗ್ರೀಕ್ ಶಿಲಾಶಾಸನಗಳ ಲುಪ್ತಾಕ್ಷರಗಳನ್ನು ಊಹಿಸಿ ಕೊಡುತ್ತದೆ. ಶಾಸನಗಳಲ್ಲಿ ಅದು ಉಪಯುಕ್ತವೇ ಸರಿ, ಏಕೆಂದರೆ ಶಾಸನದ ಒಕ್ಕಣೆ ಬಹುಮಟ್ಟಿಗೆ ರೂಢಿಯ ಅಚ್ಚಿನದು. ಕವಿಯಾದರೋ ರೂಢಿಯನ್ನು ಮುರಿಯುವವನು. ಹೆಚ್ಚು ಬಳಕೆಯ ಪದವನ್ನು ಅವನ ಬಾಯಲ್ಲಿಟ್ಟರೆ ಅವನನ್ನು ಎರಡನೆಯ ಬಾರಿ ಕಳೆದುಕೊಂಡಂತೆ.

ಈ ಮಾತು ಕನ್ನಡಿಗರಿಗೆ ದೂರದ್ದಲ್ಲ. ಅದೇ ಆಕ್ಸಿರಿಂಕಸ್ಸಿನಲ್ಲಿ ದೊರೆತು 1903ರಲ್ಲಿ ಅಚ್ಚಾದ, ಕ್ರಿ.ಶ. 2ನೆಯ ಶತಮಾನದ ಪಪೈರಸ್ಸಿನ ಒಂದು ಪ್ರಹಸನದಲ್ಲಿ ಭಾರತದ ಕರಾವಳಿಯ ದೊರೆಯೊಬ್ಬನು ಗ್ರೀಕರಿಗೆ ತಿಳಿಯದ ಭಾಷೆಯನ್ನಾಡುತ್ತಾನೆ. ಅದು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ವಾದವನ್ನು ಮುಂದುವರಿಸಿದರು. ನಮಗೂ ಅದನ್ನು ನಂಬುವ ಆಸೆ ಇಲ್ಲದಿಲ್ಲ. ಆದರೆ ಪದಗಳ ನಡುವೆ ಅಂತರವಿಲ್ಲದ ಬರವಣಿಗೆಯನ್ನು ಬೇಕಾದಂತೆ ಕತ್ತರಿಸಿ ಓದಬಹುದು. ಹೋಲಿಸಿ ನೋಡೋಣವೆಂದರೆ ಹಲ್ಮಿಡಿ ಶಾಸನವು ಅದಕ್ಕಿಂತ ಎರಡು ಶತಮಾನಗಳಿಗೂ ಹೆಚ್ಚು ಈಚಿನದು. ಆದುದರಿಂದ ಅಲ್ಲಿಯೂ ಕಂಸವನ್ನು ಹಾಕಿಯೇ ಮಾತನಾಡುವುದು ನಮಗೆ ಮರ್ಯಾದೆ.

‘ಹಿಪ್ಸಿಪಿಲೆ’ಯಲ್ಲಿ ಮಗುವು ಹೂ ಕೀಳುತ್ತಿದ್ದುದನ್ನು ಬಣ್ಣಿಸುವ ಸಾಲುಗಳು ಪ್ಲೂಟಾರ್ಕನು ಉದಾಹರಿಸಿದ್ದರಿಂದ ಉಳಿದುಕೊಂಡಿವೆ. ಒಂದು ಹೂವಿನ ಮೇಲೊಂದು ಕೀಳುತ್ತ ಅದಕ್ಕೆ ತೃಪ್ತಿಯೇ ಇಲ್ಲ. ಹಾವನ್ನು ಕುರಿತ ಕೆಲವು ಮುರುಕು ಸಾಲುಗಳಿವೆ. ಬಳಿಕ ಪಪೈರಸ್ಸು ಹರಿದಿದೆ.